ಚೇರ್ಮನ್ ಮುತ್ಯಾನ ಖೋಲಿ

ಕಲಬುರಗಿ ಸೀಮೆಯಲ್ಲಿ ತೀರಿಹೋದವರನ್ನು ನೆನೆಯುವ ಜಾಗಗಳಿಗೆ ಕೊರತೆಯಿಲ್ಲ. ಬಹಮನಿ ಸುಲ್ತಾನರಿಗೆ ಹಫ್ತ್ ಗುಂಬಜ್ ಇದೆ. ಬಂದೇನವಾಜರ ದರ್ಗಾಕ್ಕೆ ಉರುಸು, ಶರಣಬಸವೇಶ್ವರರ ಗುಡಿಗೆ ತೇರು. ಎರಡಕ್ಕೂ ನಡೆದುಕೊಳ್ಳುವ ಮನೆಗಳು ಇಲ್ಲಿ ಎಷ್ಟೋ. ಸೇಡಂ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯ ಎರಡು ಹಳೆಯ ಗುಮ್ಮಟಗಳ ಒಳಗೇ ಇದೆ. ಸನ್ನತಿಯಿಂದ ಬಂದ ಬೌದ್ಧ ಶಿಲ್ಪಗಳ ಮುಂದೆ ನಿಂತರೆ ಎರಡು ಸಾವಿರ ವರ್ಷದ ಹಿಂದಿನ ಭೀಮಾ ದಂಡೆ ಕಣ್ಣಿಗೆ ಬರುತ್ತದೆ.

ಆದರೆ ಒಂದು ಸಣ್ಣ ಪಟ್ಟಣಕ್ಕೆ ನಳದ ನೀರು ತಂದ ಮನುಷ್ಯ, ಗಟಾರ ಕಟ್ಟಿಸಿದ ಮನುಷ್ಯ, ಸಂತೆಯಲ್ಲಿ ಕಾಯಿಪಲ್ಯೆ ಮಾರುವವರಿಗೆ ನೆರಳು ಮಾಡಿಸಿದ ಮನುಷ್ಯ ಎಲ್ಲಿ ಸಿಗುತ್ತಾನೆ? ಹೆಚ್ಚೆಂದರೆ ಒಂದು ಶಂಕುಸ್ಥಾಪನೆಯ ಕಲ್ಲಿನಲ್ಲಿ, ಮಂತ್ರಿಗಳ ಹೆಸರಿನ ಕೆಳಗೆ, ಅರ್ಧ ಸುಣ್ಣ ಮೆತ್ತಿದ ಸಾಲಿನಲ್ಲಿ. ಹಾಗಾಗಿ ಕಾಗಿಣಾ ನದಿಯ ಕಡೆಗಿರುವ ನಮ್ಮ ಊರಿನ ಹಳೇ ಮುನ್ಸಿಪಾಲ್ಟಿ ಕಟ್ಟಡದಲ್ಲಿ ಒಬ್ಬ ಪುರಸಭೆ ಅಧ್ಯಕ್ಷರ ನೆನಪಿಗೆಂದೇ ಒಂದು ಖೋಲಿ ತೆರೆದಾರೆ ಎಂದು ಕೇಳಿದಾಗ ಬಹಳ ಖುಷಿಯಾಯಿತು. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಚೇರ್ಮನ್ ಮುತ್ಯಾ ಎಂದು. ಹೆಸರು ಜಾಹೀರಾಗುವುದು ಮನೆಯವರಿಗೆ ಇಷ್ಟವಿಲ್ಲ, ನಾನೂ ಬರೆಯುವುದಿಲ್ಲ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಅಧ್ಯಕ್ಷರಾಗಿದ್ದವರು ಎಂದರೆ ಸಾಕು.

ಖೋಲಿ ದೊಡ್ಡದಲ್ಲ. ನೆಲಕ್ಕೆ ಶಹಾಬಾದಿ ಫರಸಿ, ಗೋಡೆಗೆ ಹೊಸ ಬಣ್ಣ. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಮಾಲೆ ಹಾಕಿದ ದೊಡ್ಡ ಫೋಟೊ. ಎಡಕ್ಕೆ ಗಾಜಿನ ಕಪಾಟಿನಲ್ಲಿ ಅವರ ಬಿಳಿ ಟೊಪಗಿ, ಕೋಲು, ಕನ್ನಡಕ, ಮಸಿ ಪೆನ್ನು. ಬಲಗಡೆ ಗೋಡೆಯ ತುಂಬ ಮಾನಪತ್ರಗಳು, ಮಂತ್ರಿಗಳ ಜೊತೆ ನಿಂತ ಫೋಟೊಗಳು. ಇನ್ನೊಂದು ಕಪಾಟಿನಲ್ಲಿ ಮಡಚಿಟ್ಟ ಶಾಲುಗಳು. ಶಾಲುಗಳು ಅಷ್ಟು ಬೇಕಿರಲಿಲ್ಲ. ಸನ್ಮಾನ ಮಾಡಿದವರ ಪ್ರೀತಿ ಸುಳ್ಳಲ್ಲ, ಆದರೆ ಯಾವ ಊರಿನ ಯಾವ ಅಧ್ಯಕ್ಷರ ಕಪಾಟು ತೆರೆದರೂ ಅವೇ ಶಾಲುಗಳು ಇರುತ್ತವೆ. ಈ ಮನುಷ್ಯ ಏನು ಮಾಡಿದ ಎಂಬುದನ್ನು ಅವು ಹೇಳಲಾರವು.

ಅದನ್ನು ಹೇಳುವ ವಸ್ತು ಮೂಲೆಯ ಮೇಜಿನ ಮೇಲೆ ಇದೆ. ಕೆಂಪು ಬಟ್ಟೆಯ ರಟ್ಟು, ಅಂಚು ಹುಳ ತಿಂದಿದೆ, ಒಳಗೆ ನೀಲಿ ಮಸಿ. ಪುರಸಭೆಯ ನಡಾವಳಿ ಪುಸ್ತಕ. ಪ್ರತಿ ಸಭೆಗೆ ಯಾರು ಬಂದಿದ್ದರು, ಯಾವ ವಿಷಯ ಬಂತು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಯಾರು ಬೇಡ ಅಂದರು, ಕೊನೆಗೆ ಯಾವ ಠರಾವು ಆಯಿತು, ಎಲ್ಲ ಅದರಲ್ಲಿ ಇರುತ್ತದೆ. ಪುಸ್ತಕ ಇವತ್ತಿಗೂ ಪುರಸಭೆಯದೇ. ಖೋಲಿಯಲ್ಲಿ ಇಡಲು ಕೊಡುವುದಕ್ಕೂ ಈಗಿನ ಸದಸ್ಯರು ಒಂದು ಠರಾವು ಮಾಡಿದ್ದಾರೆ. ಅದನ್ನು ಕೇಳಿ ನನಗೆ ಆ ಪುಸ್ತಕದ ಮೇಲಿನ ಗೌರವ ಇನ್ನೂ ಹೆಚ್ಚಾಯಿತು.

ಖೋಲಿ ನೋಡಿಕೊಳ್ಳುವ ಕಾಕಾ ಬಿಲ್ ಕಲೆಕ್ಟರಾಗಿ ನಿವೃತ್ತರಾದವರು. ಪುಸ್ತಕದ ಹಾಳೆ ತಿರುವಬಹುದೇ ಎಂದು ಕೇಳಿದೆ.

"ನೋಡ ತಂಗಿ, ಎಲ್ಲಾರೂ ಬರ್ತಾರ, ಶಾಲು ನೋಡ್ತಾರ, ಫೋಟೊ ಹೊಡಕೊಂಡು ಹೋಗ್ತಾರ. ಪುಸ್ತಕ ತೆಗಿ ಅಂದಾಕಿ ನೀನೇ," ಎಂದು ಕೀಲಿ ತಂದರು. ಕೈ ತೊಳೆದು ಒರೆಸಿಕೊಂಡು ಬಾ ಎಂದರು. ಅಲ್ಲಿಂದ ಮಧ್ಯಾಹ್ನದ ತನಕ ನಾವಿಬ್ಬರೂ ಆ ಮೇಜು ಬಿಟ್ಟು ಏಳಲಿಲ್ಲ.

ಇಟ್ಟಿರುವ ಪುಸ್ತಕಗಳಲ್ಲಿ ಹಳೆಯವು ಉರ್ದುವಿನಲ್ಲಿವೆ, ಬಲಗಡೆಯಿಂದ ತೆರೆದುಕೊಳ್ಳುತ್ತವೆ. ಹೈದರಾಬಾದ ಸಂಸ್ಥಾನದಲ್ಲಿ ಕಚೇರಿ, ಕೋರ್ಟು, ಪೊಲೀಸು ಎಲ್ಲಕ್ಕೂ ಉರ್ದುವೇ. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮರುದಿನವೇ ಕಾಗದಪತ್ರ ಕನ್ನಡಕ್ಕೆ ತಿರುಗಲಿಲ್ಲ. ಬರೆಯುವ ಗುಮಾಸ್ತರು ಅವರೇ ಇದ್ದರು, ಅವರ ಕೈ ಕಲಿತದ್ದು ಆ ಲಿಪಿಯನ್ನೇ. 1956ರ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಪುಸ್ತಕಗಳಲ್ಲಿ ನಿಧಾನವಾಗಿ ಕನ್ನಡ ಕಾಣಿಸಿಕೊಳ್ಳುತ್ತದೆ. ಮೊದಲು ಸಹಿಗಳು ಕನ್ನಡ. ಆಮೇಲೆ ವಿಷಯಸೂಚಿ ಕನ್ನಡ. ಆಮೇಲೆ ಪೂರ್ತಿ ನಡಾವಳಿ. ಒಂದೇ ಪುಟದಲ್ಲಿ ಮೇಲೆ ಉರ್ದು, ಕೆಳಗೆ ಕನ್ನಡ ಇರುವ ಸಭೆಗಳೂ ಇವೆ.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಭಾಗದ ಮಕ್ಕಳೆಲ್ಲ ಕೇಳಿ ಬೆಳೆದಿದ್ದೇವೆ. ಅಂಥ ಧೈರ್ಯದ ಕಥೆಯ ಪಕ್ಕದಲ್ಲೇ ಈ ಪುಸ್ತಕದ ಕಥೆಯನ್ನೂ ಇಡಬೇಕು ಅನಿಸಿತು. ಕಚೇರಿಯೊಳಗೆ ಕನ್ನಡ ಬಂದದ್ದು ಉರ್ದು ಬಲ್ಲ ಗುಮಾಸ್ತರ ಕೈಯಿಂದಲೇ, ಅವರು ಹೊಸ ಅಕ್ಷರ ಕಲಿತು ತಿದ್ದಿದ್ದರಿಂದ. ಇವತ್ತು ಆ ಹಳೇ ಪುಸ್ತಕಗಳನ್ನು ಓದಿ ಕನ್ನಡದಲ್ಲಿ ಸಾರಾಂಶ ಬರೆದುಕೊಡುತ್ತಿರುವವರು ಊರಿನ ಉರ್ದು ಶಾಲೆಯ ನಿವೃತ್ತ ಮಾಸ್ತರರು. ಸಂಬಳವಿಲ್ಲ, ಸಾಯಂಕಾಲದ ನಮಾಜು ಮುಗಿಸಿ ಬಂದು ಕೂಡುತ್ತಾರಂತೆ. ಅವರು ಇಲ್ಲದಿದ್ದರೆ ನಮ್ಮ ಊರಿನ ಅರ್ಧ ಚರಿತ್ರೆ ನಮಗೇ ಓದಲು ಬರುತ್ತಿರಲಿಲ್ಲ.

ಈಗ ನನ್ನನ್ನು ಹಿಡಿದು ನಿಲ್ಲಿಸಿದ ಪುಟಕ್ಕೆ ಬರುತ್ತೇನೆ. ವಿಷಯ: ಊರ ನಡುವಿನ ಪಾವಟಿಗಿ ಬಾವಿಯ ಮೆಟ್ಟಿಲು ಮುಚ್ಚಿಸಿ, ಸುತ್ತ ಕಟ್ಟೆ ಕಟ್ಟಿ, ಸೇದುವ ಬಾವಿ ಮಾಡುವುದು. ಕಾರಣ: ನಾರುಹುಣ್ಣು.

ಈಗಿನ ಮಕ್ಕಳಿಗೆ ನಾರುಹುಣ್ಣು ಅಂದರೆ ಗೊತ್ತಿಲ್ಲ, ಗೊತ್ತಿಲ್ಲದಿರುವುದು ನಮ್ಮ ಪುಣ್ಯ. ನಮ್ಮ ಆಯಿಯ ಮೀನಗಂಡದ ಮೇಲೆ ಒಂದು ಸುಟ್ಟಂಥ ಕಲೆ ಇತ್ತು; ಸಣ್ಣವಳಿದ್ದಾಗ ಅದನ್ನು ಮುಟ್ಟಿ ಮುಟ್ಟಿ ಕೇಳುತ್ತಿದ್ದೆ. ಸೋಂಕಿದ ನೀರು ಕುಡಿದು ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಗುಳ್ಳೆ ಏಳುತ್ತದೆ. ಒಡೆದರೆ ಒಳಗಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಹೆಚ್ಚುಕಡಿಮೆ ಒಂದು ಮೀಟರಿನ ತನಕ ಉದ್ದ. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಬಾತು ಕೀವಾಗುತ್ತದೆ. ಅದಕ್ಕೆ ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಹೊರಗೆ ತೆಗೆಯಬೇಕು. ವಾರಗಟ್ಟಲೆ ಹೊಲಕ್ಕೆ ಹೋಗುವಂತಿಲ್ಲ. ಜೋಳದ ರಾಶಿಯ ಹೊತ್ತಿಗೇ ಬಂದರೆ ಆ ವರ್ಷದ ಕೂಲಿ ಹೋದಂತೆ. ಆಗ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ. ಇಂದಿಗೂ ಇಲ್ಲ.

ಇದು ಹರಡುವುದು ಮೆಟ್ಟಿಲಿನಿಂದ. ಗುಳ್ಳೆ ಉರಿಯುತ್ತದೆಂದು ಕಾಲನ್ನು ತಣ್ಣೀರಿಗೆ ಇಳಿಸುತ್ತಾರೆ. ಹುಳ ಆ ನೀರಿಗೆ ಮರಿ ಬಿಡುತ್ತದೆ. ಮರಿಯನ್ನು ಸೈಕ್ಲಾಪ್ಸ್ ಎಂಬ ಅತಿ ಸಣ್ಣ ನೀರುಹುಳ ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವರ ಹೊಟ್ಟೆಗೆ ಅದು ಸೇರುತ್ತದೆ. ಅಂದರೆ ಕೊಡ ತುಂಬಿಕೊಳ್ಳಲು ನೀರಿಗೆ ಇಳಿಯುವ ದಾರಿಯನ್ನು ಮುಚ್ಚಿದರೆ ಸರಪಳಿ ತುಂಡಾಗುತ್ತದೆ. 1980ರ ದಶಕದಲ್ಲಿ ದೇಶದಾದ್ಯಂತ ನಾರುಹುಣ್ಣು ನಿರ್ಮೂಲನೆಯ ಕಾರ್ಯಕ್ರಮ ನಡೆದಾಗ ಮುಖ್ಯವಾಗಿ ಮಾಡಿದ ಕೆಲಸಗಳಲ್ಲಿ ಇದೂ ಒಂದು. ಕರ್ನಾಟಕ ಆ ರೋಗವಿದ್ದ ರಾಜ್ಯಗಳ ಪಟ್ಟಿಯಲ್ಲಿತ್ತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು.

ನಮ್ಮ ಊರಿನ ಠರಾವು ಆ ಕಾರ್ಯಕ್ರಮಕ್ಕಿಂತ ಎಷ್ಟೋ ಮುಂಚಿನದು. ದವಾಖಾನೆಯ ಡಾಕ್ಟರು ಕೊಟ್ಟ ಪತ್ರವನ್ನು ಅಧ್ಯಕ್ಷರು ಸಭೆಯ ಮುಂದೆ ಇಟ್ಟಿದ್ದಾರೆ. ಇಲ್ಲಿಯ ತನಕ ಓದಿದರೆ, ಓದುಬರಹ ಬಲ್ಲ ಅಧ್ಯಕ್ಷರು ತಿಳಿಯದ ಜನಕ್ಕೆ ದಾರಿ ತೋರಿಸಿದರು ಎಂಬ ಕಥೆಯಾಗುತ್ತಿತ್ತು. ಖೋಲಿಯ ಗೋಡೆಯ ಮೇಲಿನ ಫಲಕವೂ ಅದನ್ನೇ ಬರೆದಿದೆ. ಆದರೆ ಪುಸ್ತಕ ಹೇಳುವುದು ಅಷ್ಟನ್ನೇ ಅಲ್ಲ.

ಇಬ್ಬರು ಸದಸ್ಯರು ವಿರೋಧಿಸಿದ್ದಾರೆ. ಒಬ್ಬರ ಮಾತು: ಬಾಣಂತಿಯರು ಗಂಗಿಪೂಜೆಗೆ ಅದೇ ಬಾವಿಗೆ ಇಳಿಯುತ್ತಾರೆ, ಮೆಟ್ಟಿಲು ಮುಚ್ಚಿದರೆ ಪೂಜೆ ಎಲ್ಲಿ? ಇನ್ನೊಬ್ಬರದು ಇನ್ನೂ ಗಟ್ಟಿ ಮಾತು: ಬೇಸಿಗೆಯಲ್ಲಿ ನೀರು ತಳಕ್ಕೆ ಹೋಗುತ್ತದೆ, ಅಷ್ಟು ಆಳದಿಂದ ಹೆಣ್ಣುಮಕ್ಕಳು ಹಗ್ಗ ಹಾಕಿ ಜಗ್ಗಬೇಕು, ಬಸುರಿಯರು ಏನು ಮಾಡಬೇಕು, ಮುದುಕಿಯರು ಏನು ಮಾಡಬೇಕು? ಆ ಸಭೆಯಲ್ಲಿ ಠರಾವು ಆಗಲಿಲ್ಲ. ಮುಂದಿನ ಸಭೆಯಲ್ಲಿ ಅದೇ ವಿಷಯ ಮತ್ತೆ ಬಂದಾಗ ಎರಡು ಸಾಲು ಸೇರಿವೆ: ಕಟ್ಟೆಯ ಹೊರಗೆ ಪೂಜೆಗೆ ಒಂದು ಸಣ್ಣ ಜಗುಲಿ ಮಾಡಿಸುವುದು, ನಾಲ್ಕೂ ಮಗ್ಗಲಿಗೆ ಕಬ್ಬಿಣದ ರಾಟಿ ಹಾಕಿಸುವುದು. ಆಗ ವಿರೋಧಿಸಿದ ಇಬ್ಬರೂ ಸಹಿ ಹಾಕಿದ್ದಾರೆ.

ಇದನ್ನು ಓದಿ ಚೇರ್ಮನ್ ಮುತ್ಯಾನ ಮೇಲೆ ನನಗಿದ್ದ ಅಭಿಮಾನ ಎರಡು ಪಟ್ಟಾಯಿತು. ಬಹುಮತ ಅವರ ಕೈಯಲ್ಲೇ ಇತ್ತು, ಸಂಖ್ಯೆ ಎಣಿಸಿದರೆ ಗೊತ್ತಾಗುತ್ತದೆ. ಮೊದಲ ದಿನವೇ ಮುಗಿಸಬಹುದಿತ್ತು. ಬೇಡ ಅಂದವರ ಮಾತನ್ನು ಮನೆಗೆ ಒಯ್ದು, ಯೋಚಿಸಿ, ಅದನ್ನೇ ಠರಾವಿಗೆ ಸೇರಿಸಿಕೊಂಡು ಬಂದರು. ರಾಟಿ ಇಲ್ಲದೆ ಮೆಟ್ಟಿಲು ಮುಚ್ಚಿದ್ದರೆ ಜನ ಬೇರೆ ಬಾವಿಗೆ ಇಳಿಯುತ್ತಿದ್ದರು, ನಾರು ಅಲ್ಲಿಗೆ ಹೋಗುತ್ತಿತ್ತು. ಹಾಗಾದರೆ ಆ ಬಾವಿಯ ಕೀರ್ತಿಯಲ್ಲಿ ರಾಟಿ ಕೇಳಿದ ಸದಸ್ಯರಿಗೂ ಪಾಲು ಇದೆಯಲ್ಲ? ಫಲಕದಲ್ಲಿ ಅವರ ಸುಳಿವೇ ಇಲ್ಲ. ಒಬ್ಬ ಊರ ಮುಖಂಡನನ್ನು ದೊಡ್ಡವನೆಂದು ತೋರಿಸಲು ಅವನ ಸುತ್ತ ಇದ್ದವರನ್ನೆಲ್ಲ ಅಳಿಸಬೇಕೆಂಬ ರೂಢಿ ನಮ್ಮಲ್ಲಿ ಬಲವಾಗಿದೆ. ಅವನು ದೊಡ್ಡವನಾದದ್ದು ಅವರೊಂದಿಗೆ ವಾದ ಮಾಡಿ, ಕೆಲವೊಮ್ಮೆ ಸೋತು. ಆ ವಾದವೇ ಮುನ್ಸಿಪಾಲ್ಟಿ.

ಎಪ್ಪತ್ತೆರಡರ ಬರದ ಪುಟಗಳನ್ನು ಬೇಗ ತಿರುವಿದೆವು. ನಮ್ಮ ಕಡೆಯ ಯಾವ ಹಿರಿಯರನ್ನು ಕೇಳಿದರೂ ಆ ಬರದ ಕಥೆ ಸಿಗುತ್ತದೆ. ಒಂದು ತುರ್ತು ಸಭೆಯ ಮೊದಲ ಸಾಲು ಮಾತ್ರ ಬರೆದುಕೊಂಡೆ: ಹೆಣ್ಣುಮಕ್ಕಳು ಖಾಲಿ ಕೊಡಗಳೊಂದಿಗೆ ಕಚೇರಿಯ ಮುಂದೆ ಕುಳಿತ ಕಾರಣ ಸಭೆ ಕರೆಯಲಾಗಿದೆ. ಸದಸ್ಯರ ಸಹಿಗಳಲ್ಲಿ ಆಗ ಒಂದೂ ಹೆಂಗಸಿನ ಹೆಸರಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ನಗರ ಸಂಸ್ಥೆಗಳಲ್ಲಿ ಮೂರನೇ ಒಂದು ಪಾಲು ಸ್ಥಾನ ಹೆಂಗಸರಿಗೆ ಮೀಸಲಾಗುವ ತನಕ ನಮ್ಮ ಊರಿನ ಸಭೆಯನ್ನು ಅವರು ಹೊರಗಿನಿಂದಲೇ ನಡೆಸಬೇಕಾಯಿತು.

ಹೇಳಲು ಕಷ್ಟವಾಗುವ ಪುಟಗಳೂ ಇವೆ. ಕೇರಿಗೆ ನಳ ಹಾಕುವ ವಿಷಯ. ಪೇಟೆಗೆ ನಳ ಬಂದ ಮೇಲೆ ಕೇರಿಯವರು ಅರ್ಜಿ ಕೊಟ್ಟಿದ್ದಾರೆ. ಮುಂದಿನ ಸಭೆಗೆ ಮುಂದೂಡಲಾಯಿತು. ಮತ್ತೆ ಅರ್ಜಿ. ಮತ್ತೆ ಮುಂದೂಡಲಾಯಿತು. ಹಣದ ಅಡಚಣೆ ಎಂದು ಬರೆದಿದೆ. ಆದರೆ ಅದೇ ಸಭೆಯಲ್ಲಿ ಕಚೇರಿಯ ಮುಂದಿನ ಕಮಾನಿಗೆ ಹಣ ಮಂಜೂರಾಗಿದೆ. ಅಧ್ಯಕ್ಷರು ಯಾರು ಎಂದು ನೋಡಿದೆ, ಅವರೇ. ಬಾವಿಯ ಪುಟದಲ್ಲಿ ಕಂಡ ಅದೇ ಸಹಿ. ಕೊನೆಗೆ ಕೇರಿಗೆ ನಳ ಬಂತು, ಅದನ್ನು ತಂದವರೂ ಅವರೇ. ಆದರೆ ಕೇರಿಯ ಮಂದಿ ಕಾದ ಬೇಸಿಗೆಗಳು ಆ ಎರಡು ಠರಾವುಗಳ ನಡುವೆ ಇವೆ. ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇದು ಯಾರಿಗೂ ತೋರಿಸಿಲ್ಲ ತಂಗಿ. ಆದ್ರ ಹಾಳಿ ಹರದೂ ಒಗದಿಲ್ಲ," ಎಂದರು.

ಸಫಾಯಿ ಕೆಲಸದವರ ವಿಷಯವೂ ಹೀಗೇ ಕುತ್ತಿಗೆಗೆ ಬರುತ್ತದೆ. ಬುಟ್ಟಿ ಖರೀದಿ, ಕೈಗಾಡಿ ದುರಸ್ತಿ, ಸುಣ್ಣ, ಫಿನಾಯಿಲು: ಎಲ್ಲಕ್ಕೂ ಪೈಸೆ ಪೈಸೆಯ ಲೆಕ್ಕವಿದೆ. ದುಡಿದವರ ಹೆಸರು ಹುಡುಕಿದರೆ ಸಿಗುವುದು ಒಂದೇ ಕಡೆ, ಗೈರುಹಾಜರಿಗೆ ದಂಡ ಹಾಕಿದ ಪಟ್ಟಿಯಲ್ಲಿ. ದೇವರಾಜ ಅರಸರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ, ಸುಮಾರು ಎರಡು ದಶಕ ತಡವಾಗಿ. ಅರಸರ ಕಾಲದ ಆ ಆದೇಶ ನಮ್ಮ ಊರಿಗೂ ಬಂದು, ಚೇರ್ಮನ್ ಮುತ್ಯಾ ಅದನ್ನು ಸಭೆಯಲ್ಲಿ ಓದಿಸಿ ಬುಟ್ಟಿಗಳನ್ನು ವಾಪಸು ತೆಗೆಸಿದ್ದು ಪುಸ್ತಕದಲ್ಲಿದೆ. ಶಾಲಿನ ಕಪಾಟಿಗಿಂತ ಈ ಪುಟಕ್ಕೆ ಗಾಜು ಹಾಕಿಸಬೇಕಿತ್ತು. ಅದರ ಪಕ್ಕದಲ್ಲೇ ದಂಡದ ಪಟ್ಟಿಯನ್ನೂ ಇಡಬೇಕು, ಏಕೆಂದರೆ ಆ ಮಂದಿ ಈ ಊರಿನಲ್ಲಿ ದುಡಿದರು ಎಂಬುದಕ್ಕೆ ಬರಹದಲ್ಲಿ ಉಳಿದ ಸಾಕ್ಷಿ ಅದೊಂದೇ.

ಹೊಗಳಿಕೆಯ ನಡುವೆ ದುಡಿದವರನ್ನೂ ಲೆಕ್ಕಕ್ಕೆ ಹಿಡಿಯುವುದು ನಮ್ಮ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಚಾಲುಕ್ಯ ಚಕ್ರವರ್ತಿ ಮೊದಲನೇ ಸೋಮೇಶ್ವರನ ಕಾಲದ, 1058ರ ಶಾಸನ ಅಲ್ಲಿಯದು. ದಂಡನಾಯಕ ಮಧುಸೂದನ ಅಲ್ಲಿ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರ, ಕಟ್ಟಿಸಿದ. ಅವನನ್ನು ಹೊಗಳುವುದರ ಜೊತೆಗೆ ಆ ಕಲ್ಲು ವೇದ ಓದುವ 200 ವಿದ್ಯಾರ್ಥಿಗಳನ್ನು ಹೇಳುತ್ತದೆ, ಕಲಿಸುವವರನ್ನು ಹೇಳುತ್ತದೆ, ಪುಸ್ತಕ ಕಾಯುವ 6 ಮಂದಿ ಸರಸ್ವತೀ ಭಂಡಾರಿಗರನ್ನೂ ಬಿಡದೆ ಹೇಳುತ್ತದೆ. ಒಂದು ಸಂಸ್ಥೆ ನಡೆಯುವುದು ಯಾರ್ಯಾರಿಂದ ಎಂಬುದು ಅದನ್ನು ಬರೆಸಿದವರಿಗೆ ತಿಳಿದಿತ್ತು. ಸಾವಿರ ವರ್ಷದ ಹತ್ತಿರದ ಆ ಕಲ್ಲಿನಷ್ಟಾದರೂ ಧಾರಾಳತನ ನಮ್ಮ ಖೋಲಿಗೆ ಬೇಕು ಎಂದು ನಾನು ಸಮಿತಿಯವರಿಗೆ ಪತ್ರ ಬರೆದೆ.

ಮುತ್ಯಾನ ಮನೆಯವರು ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಅಳುಕು ಇತ್ತು. ಅವರ ಸೊಸೆ, ಈಗ ಅವರೂ ವಯಸ್ಸಾದವರು, ಖೋಲಿಗೆ ಬಂದು ಕೇರಿಯ ನಳದ ಪುಟವನ್ನು ತಾವೇ ಓದಿದರು. "ಮಾವನವರು ಕಡೀ ದಿನದಾಗ ಇದೇ ಮಾತು ತೆಗೀತಿದ್ರವಾ. ಕಮಾನ ಮೊದಲ ಮಾಡಬಾರದಿತ್ತು ಅಂತಿದ್ರು. ಇದೂ ಇರ್ಲಿ. ಅವರು ಮನುಷ್ಯಾರಾಗಿದ್ರು ಅಂತ ಗೊತ್ತಾಗ್ತದ." ಸಮಿತಿಯ ಕೆಲವರಿಗೆ ಇನ್ನೂ ಮನಸ್ಸಿಲ್ಲ. ಒಳ್ಳೆಯವರ ಬಗ್ಗೆ ಹೀಗೆ ತೋರಿಸಿದರೆ ಮಕ್ಕಳು ಏನು ಕಲಿಯುತ್ತಾರೆ ಎಂದು ಒಬ್ಬರು ಕೇಳಿದರು. ಅವರ ಕಾಳಜಿ ನಿಜವಾದದ್ದೇ, ಅದಕ್ಕೆ ಉತ್ತರ ಕೊಡಬೇಕು. ನನಗೆ ಕಾಣುವುದು ಇಷ್ಟು: ಟೊಪಗಿ, ಕೋಲು ನೋಡಿದ ಹುಡುಗಿ ಇವರು ದೊಡ್ಡವರು ಎಂದುಕೊಂಡು ಹೊರಗೆ ಹೋಗುತ್ತಾಳೆ. ಠರಾವಿನ ಪುಟ ಓದಿದ ಹುಡುಗಿ ತನ್ನ ವಾರ್ಡಿನ ನಳದ ಬಗ್ಗೆ ಅರ್ಜಿ ಬರೆಯಲು ಕಲಿಯುತ್ತಾಳೆ, ಎರಡು ಸಲ ಮುಂದೂಡಿದರೆ ಮೂರನೇ ಸಲವೂ ಬರೆಯಬೇಕು ಎಂಬುದನ್ನೂ ಕಲಿಯುತ್ತಾಳೆ.

ಸದ್ಯಕ್ಕೆ ಒಪ್ಪಿಗೆಯಾದದ್ದು: ಪುಸ್ತಕವನ್ನು ಮೂಲೆಯಿಂದ ಖೋಲಿಯ ನಡುವಿಗೆ ತರುವುದು, ತಿಂಗಳಿಗೊಂದು ಪುಟ ತೆರೆದಿಡುವುದು. ಒಂದೇ ಪುಟ ವರ್ಷಗಟ್ಟಲೆ ಬೆಳಕಿಗೆ ತೆರೆದಿದ್ದರೆ ಮಸಿ ಮಾಸುತ್ತದೆ, ಹಾಗಾಗಿ ಪುಟ ಬದಲಿಸುವುದು ಕಾಗದಕ್ಕೂ ಒಳ್ಳೆಯದು. ಕಿಟಕಿಗೆ ದಪ್ಪ ಪರದೆ ಬರುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಅದಿಲ್ಲದೆ ಆಗುವುದಿಲ್ಲ. ಪ್ರತಿ ಪುಟದ ಫೋಟೊ ತೆಗೆಯುವ ಕೆಲಸವನ್ನು ಡಿಗ್ರಿ ಕಾಲೇಜಿನ ಮಕ್ಕಳು ಶುರು ಮಾಡಿದ್ದಾರೆ, ಉರ್ದು ಪುಟಗಳಿಗೆ ಮಾಸ್ತರರ ಸಾರಾಂಶ ಸೇರುತ್ತದೆ. ಬಾವಿಯ ಫಲಕವನ್ನು ತಿದ್ದಿ ಬರೆಸುವುದೂ ನಿಕ್ಕಿಯಾಗಿದೆ. ವಿರೋಧಿಸಿದ ಸದಸ್ಯರ ಮಾತು ಅದರಲ್ಲಿ ಬರುತ್ತದೆ. ಕೇರಿಯ ನಳದ ಪುಟ ಮುಂದಿನ ಸಭೆಯ ವಿಷಯಸೂಚಿಯಲ್ಲಿದೆ. ಅದನ್ನು ಮುಂದೂಡಬಾರದೆಂದು ಮುತ್ಯಾನ ಸೊಸೆಯೇ ಬರೆದುಕೊಟ್ಟಿದ್ದಾರೆ.

ಶಾಲಿನ ಕಪಾಟು ಅರ್ಧ ಖಾಲಿಯಾಗಲಿದೆ. ಅಲ್ಲಿ ಏನು ಇಡಬೇಕೆಂದು ಕಾಕಾ ಕೇಳುತ್ತಿದ್ದಾರೆ. ನಮ್ಮ ಊರಿನವರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ನಳಪಟ್ಟಿಯ ರಸೀದಿ, ಬಾವಿಯ ಹತ್ತಿರ ತೆಗೆಸಿದ ಫೋಟೊ, ಮುನ್ಸಿಪಾಲ್ಟಿಯಲ್ಲಿ ಸಫಾಯಿ ಕೆಲಸ ಮಾಡಿದ ನಿಮ್ಮ ತಾಯಿಯದೋ ಮುತ್ಯಾಂದೋ ಹಾಜರಿ ಬಿಲ್ಲೆ, ಹಳೇ ರಾಟಿಯ ತುಂಡು, ಏನಿದ್ದರೂ ತನ್ನಿ. ಮೂಲವನ್ನು ಕೊಟ್ಟೇ ಹೋಗಬೇಕೆಂದಿಲ್ಲ. ಕಾಗದವಿದ್ದರೆ ಅಲ್ಲೇ ನಕಲು ತೆಗೆದು ನಿಮ್ಮ ಕೈಗೆ ವಾಪಸು ಕೊಡುತ್ತಾರೆ, ಯಾರದು ಎಂದು ಹೆಸರು ಬರೆದಿಡುತ್ತಾರೆ. ಸಂತೆಯ ದಿನ ಖೋಲಿ ಬೆಳಗಿನಿಂದ ತೆರೆದಿರುತ್ತದೆ.